ಬೀಗದ ಕೈ ಎಲ್ಲರಿಗೂ ಇರಲಿ, ಅಡ್ಮಿನ್ ಪಾಸ್‌ವರ್ಡ್ ಬೇಡ

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದೊಂದು ವಕೀಲರ ಕಚೇರಿ. ಸೀನಿಯರ್, ಇಬ್ಬರು ಜೂನಿಯರ್‌ಗಳು, ಒಬ್ಬರು ಗುಮಾಸ್ತರು. ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿದ ಒಂದೇ ಕಂಪ್ಯೂಟರ್. ನಾಲ್ವರಿಗೂ ಬೇರೆ ಬೇರೆ ಲಾಗಿನ್ ಇದೆ. ಕಕ್ಷಿದಾರರ ಕಡತಗಳೆಲ್ಲ ಎರಡನೇ ಹಾರ್ಡ್ ಡಿಸ್ಕ್‌ನಲ್ಲಿವೆ, ಅದನ್ನು ಎನ್‌ಕ್ರಿಪ್ಟ್ ಮಾಡಿಸಿದ್ದೇವೆ. ಬೇಕಾದಾಗ ತೆರೆಯಬೇಕು, ಕೆಲಸ ಮುಗಿದ ಮೇಲೆ ಮುಚ್ಚಬೇಕು ಅನ್ನುವುದು ನಮ್ಮ ಆಸೆ. ಆದರೆ ತೆರೆಯಲು ಹೋದರೆ ಡಿಸ್ಕಿನ ಪಾಸ್‌ಫ್ರೇಸ್ ಜೊತೆಗೆ ಅಡ್ಮಿನ್ ಪಾಸ್‌ವರ್ಡನ್ನೂ ಕೇಳುತ್ತದೆ. ಹಾಗಾಗಿ ಸೀನಿಯರ್ ಅದನ್ನು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಎನ್‌ಕ್ರಿಪ್ಟ್ ಮಾಡಿದ ಪೆನ್ ಡ್ರೈವ್ ಹಾಕಿದರೆ ಮಾತ್ರ ಪಾಸ್‌ಫ್ರೇಸ್ ಒಂದೇ ಸಾಕು. ಯಾಕೆ ಹೀಗೆ? ಅಡ್ಮಿನ್ ಪಾಸ್‌ವರ್ಡ್ ಕೊಡದೆ ದಾರಿ ಇಲ್ಲವೇ?

ಉತ್ತರ: ದಾರಿ ಇದೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಇವತ್ತೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಯಾರಿಗೂ ಹೇಳಬೇಡಿ. ಎರಡು ದಿನ ಸೀನಿಯರ್ ಅವರೇ ಬಂದು ಡಿಸ್ಕ್ ತೆರೆದುಕೊಡಲಿ. ಅಷ್ಟರಲ್ಲಿ ಕೆಳಗೆ ಹೇಳಿದ್ದನ್ನು ಮಾಡಿ ಮುಗಿಸಬಹುದು.

ಪೆನ್ ಡ್ರೈವ್‌ಗೂ ಒಳಗಿನ ಡಿಸ್ಕಿಗೂ ಇರುವ ವ್ಯತ್ಯಾಸವನ್ನು ನೀವೇ ಗಮನಿಸಿದ್ದೀರಿ. ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ.

ಬ್ಯಾಂಕಿನ ಲಾಕರ್ ನೆನಪಿಸಿಕೊಳ್ಳಿ. ಅದಕ್ಕೆ ಎರಡು ಕೀಲಿ. ಒಂದು ನಿಮ್ಮದು, ಇನ್ನೊಂದು ಬ್ಯಾಂಕಿನವರದು. ಬ್ಯಾಂಕಿನ ಸಿಬ್ಬಂದಿ ಬಂದು ತಮ್ಮ ಕೀಲಿ ತಿರುಗಿಸಿ ಹೋಗುತ್ತಾರೆ. ಅದನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಕೊಟ್ಟರೆ ಎಲ್ಲರ ಲಾಕರ್‌ಗೂ ಅರ್ಧ ದಾರಿ ತೆರೆದ ಹಾಗೆ, ಅಲ್ವಾ? ಲಿನಕ್ಸ್‌ನಲ್ಲೂ ಎರಡು ಕೆಲಸ ಆಗಬೇಕು. ಪಾಸ್‌ಫ್ರೇಸ್ ಕೊಟ್ಟು ಬೀಗ ತೆಗೆಯುವುದು ಒಂದು. ಒಳಗಿನ ಫೈಲ್‌ಸಿಸ್ಟಮನ್ನು ಒಂದು ಫೋಲ್ಡರಿಗೆ ಮೌಂಟ್ ಮಾಡುವುದು, ಅಂದರೆ ಅದರ ಫೈಲುಗಳು ಆ ಫೋಲ್ಡರಿನಲ್ಲಿ ಕಾಣುವ ಹಾಗೆ ಜೋಡಿಸುವುದು, ಇನ್ನೊಂದು. ಎರಡನ್ನೂ ಕೊನೆಗೆ ಮಾಡಬೇಕಾದ್ದು ರೂಟ್, ಅಂದರೆ ಅಡ್ಮಿನ್. ನಿಮ್ಮ ಸೀನಿಯರ್ ಮಾಡಿದ್ದು ಬ್ಯಾಂಕಿನವರ ಕೀಲಿಯನ್ನು ನಾಲ್ವರಿಗೂ ಹಂಚಿದ ಹಾಗೆ. ಅದರ ಬದಲು, ಕರೆದಾಗ ಬಂದು ಕೀಲಿ ತಿರುಗಿಸಿ ಹೋಗುವ ಸಿಬ್ಬಂದಿ ನಿಮಗೆ ಬೇಕು.

ಮೌಂಟ್ ಮಾಡಲು ರೂಟ್ ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಗೊತ್ತಿಲ್ಲದಿದ್ದರೆ ಮುಂದಿನ ಎಚ್ಚರಿಕೆಗಳು ಸುಮ್ನೆ ಹೆದರಿಸಿದ ಹಾಗೆ ಕಾಣುತ್ತವೆ. ಯಾರೋ ಒಬ್ಬರು ತಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಒಂದು ಪೆನ್ ಡ್ರೈವ್ ತಯಾರು ಮಾಡುತ್ತಾರೆ ಅನ್ನಿ. ಅಲ್ಲಿ ರೂಟ್ ಅವರೇ. ಅದರಲ್ಲೊಂದು ಪ್ರೋಗ್ರಾಂ ಇಟ್ಟು, ಅದರ ಒಡೆಯ ರೂಟ್ ಅಂತ ಬರೆದು, ಸೆಟ್‌ಯುಐಡಿ ಗುರುತು ಹಾಕುತ್ತಾರೆ. ಈ ಗುರುತು ಇದ್ದರೆ ಪ್ರೋಗ್ರಾಂ ಯಾರೇ ಓಡಿಸಿದರೂ ಒಡೆಯನ ಅಧಿಕಾರದಲ್ಲಿ ಓಡುತ್ತದೆ. ಆ ಡ್ರೈವನ್ನು ನಿಮ್ಮ ಕಂಪ್ಯೂಟರಿನಲ್ಲಿ ಯಾವ ಕಟ್ಟುಪಾಡೂ ಇಲ್ಲದೆ ಮೌಂಟ್ ಮಾಡಿ, ಆ ಪ್ರೋಗ್ರಾಂ ಒತ್ತಿದರೆ ಮುಗಿಯಿತು. ಪಾಸ್‌ವರ್ಡ್ ಕೇಳದೆ ಅವರು ನಿಮ್ಮಲ್ಲೂ ರೂಟ್. ಇದನ್ನು ತಡೆಯಲು ಮೌಂಟ್ ಮಾಡುವಾಗ ನೋಸೂಯಿಡ್ (ಸೆಟ್‌ಯುಐಡಿ ಗುರುತನ್ನು ಲೆಕ್ಕಿಸಬೇಡ), ನೋಡೆವ್ (ಡಿಸ್ಕಿನಲ್ಲಿರುವ ಸಾಧನದ ಫೈಲುಗಳನ್ನು ಒಪ್ಪಬೇಡ) ಎಂಬ ಎರಡು ಆಯ್ಕೆ ಹಾಕಬೇಕು. ಎಲ್ಲಿ ಬೇಕಾದರೂ ಮೌಂಟ್ ಮಾಡಲು ಬಿಟ್ಟರೂ ಅಪಾಯವೇ. ಸಿಸ್ಟಮ್ಮಿನ ಪಾಸ್‌ವರ್ಡ್ ಫೈಲುಗಳಿರುವ ಫೋಲ್ಡರಿನ ಮೇಲೆ ತಮ್ಮದೊಂದು ಫೋಲ್ಡರ್ ತಂದು ಮುಚ್ಚಬಹುದು.

ಉಬುಂಟುವಿನಲ್ಲಿ ಆ ಲಾಕರ್ ಸಿಬ್ಬಂದಿಯ ಕೆಲಸ ಮಾಡುವುದು ಯುಡಿಸ್ಕ್ಸ್ ಎಂಬ ಸೇವೆ. ಅದು ಹಿನ್ನೆಲೆಯಲ್ಲಿ ರೂಟ್ ಆಗಿ ಓಡುತ್ತಿರುತ್ತದೆ. ನೀವು ಫೈಲ್ ಮ್ಯಾನೇಜರಿನಲ್ಲಿ ಡಿಸ್ಕಿನ ಚಿತ್ರ ಒತ್ತಿದಾಗ ಮನವಿ ಅದಕ್ಕೆ ಹೋಗುತ್ತದೆ. ಅದು ಪೋಲ್ಕಿಟ್ ಎಂಬ ಇನ್ನೊಂದು ಸೇವೆಯನ್ನು ಕೇಳುತ್ತದೆ: ಇವರು ಇದನ್ನು ಮಾಡಬಹುದಾ? ಪೆನ್ ಡ್ರೈವ್ ಆದರೆ, ಕಂಪ್ಯೂಟರಿನ ಮುಂದೆಯೇ ಕೂತವರಿಗೆ ಪೋಲ್ಕಿಟ್ ಹೂಂ ಅನ್ನುತ್ತದೆ. ಒಳಗೆ ಸ್ಕ್ರೂ ಹಾಕಿ ಕೂರಿಸಿದ ಡಿಸ್ಕನ್ನು ಯುಡಿಸ್ಕ್ಸ್ ‘ಸಿಸ್ಟಮ್’ ಡಿಸ್ಕ್ ಅಂತ ಗುರುತಿಸುತ್ತದೆ. ಅದು ಕಂಪ್ಯೂಟರಿನ ಒಡೆಯರದ್ದು, ಬಂದುಹೋಗುವವರದ್ದಲ್ಲ ಅನ್ನುವ ಲೆಕ್ಕ. ಆಗ ಪೋಲ್ಕಿಟ್ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ನಿಮ್ಮ ಸಮಸ್ಯೆ ಇಷ್ಟೇ. ಡಿಸ್ಕಿನಲ್ಲೂ ದೋಷ ಇಲ್ಲ, ಎನ್‌ಕ್ರಿಪ್ಷನ್‌ನಲ್ಲೂ ಇಲ್ಲ. ಪೋಲ್ಕಿಟ್‌ಗೆ ನಿಮ್ಮ ಕಚೇರಿಯ ನಿಯಮ ಗೊತ್ತಿಲ್ಲ, ಅದನ್ನು ಹೇಳಿಕೊಡಬೇಕು.

ಮೊದಲು ಒಂದು ಗುಂಪು ಮಾಡಿ. ‘ಕಡತ’ ಅಂತ ಹೆಸರಿಡಿ, ಇಂಗ್ಲಿಷ್ ಅಕ್ಷರದಲ್ಲಿ. ನಾಲ್ವರನ್ನೂ ಅದಕ್ಕೆ ಸೇರಿಸಿ. ಆಮೇಲೆ ಇಟಿಸಿ ಫೋಲ್ಡರಿನೊಳಗಿನ ಪೋಲ್ಕಿಟ್-1, ಅದರೊಳಗಿನ ರೂಲ್ಸ್ ಡಾಟ್ ಡಿ ಫೋಲ್ಡರಿನಲ್ಲಿ ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ಫೈಲ್ ಇಡಬೇಕು. ಅದು ಹೇಳಬೇಕಾದ್ದು ಇಷ್ಟು: ಕೇಳುತ್ತಿರುವವರು ಕಡತ ಗುಂಪಿನವರು, ಕೇಳುತ್ತಿರುವ ಕೆಲಸ ‘ಎನ್‌ಕ್ರಿಪ್ಟೆಡ್-ಅನ್‌ಲಾಕ್-ಸಿಸ್ಟಮ್’ ಅಥವಾ ‘ಫೈಲ್‌ಸಿಸ್ಟಮ್-ಮೌಂಟ್-ಸಿಸ್ಟಮ್’, ಡಿಸ್ಕ್ ಇಂಥದ್ದೇ. ಈ ಮೂರೂ ಹೊಂದಿದರೆ ಬಿಡು. ಮೂರನೇ ಷರತ್ತನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ಆ ಗುಂಪಿನವರು ಕಂಪ್ಯೂಟರಿನ ಒಳಗಿನ ಯಾವ ಡಿಸ್ಕನ್ನಾದರೂ ಮೌಂಟ್ ಮಾಡಬಹುದು. ಯುಡಿಸ್ಕ್ಸ್ ಪೋಲ್ಕಿಟ್‌ಗೆ ಡಿಸ್ಕಿನ ಯುಯುಐಡಿಯನ್ನೂ (ಅದಕ್ಕೊಂದೇ ಇರುವ ಗುರುತಿನ ಸಂಖ್ಯೆ) ಹೇಳುತ್ತದೆ, ಅದನ್ನು ಹೋಲಿಸಿ. ಇಲ್ಲಿ ಯುಯುಐಡಿ ಎರಡು ಇರುತ್ತವೆ ಅನ್ನುವುದು ನೆನಪಿರಲಿ. ಹೊರಗಿನ ಬೀಗದ್ದು ಒಂದು, ಒಳಗಿನ ಫೈಲ್‌ಸಿಸ್ಟಮ್ಮಿನದು ಒಂದು. ಬೀಗ ತೆಗೆಯುವ ಸಾಲಿಗೆ ಮೊದಲನೆಯದು, ಮೌಂಟ್ ಮಾಡುವ ಸಾಲಿಗೆ ಎರಡನೆಯದು. ಒಂದನ್ನೇ ಎರಡೂ ಕಡೆ ಹಾಕಿ, ಬೀಗ ತೆಗೆಯುತ್ತದೆ ಆದರೆ ಮೌಂಟ್ ಆಗುವುದಿಲ್ಲ ಅಂತ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ.

ನಿಮ್ಮದು ಉಬುಂಟು 24.04 ಆದರೆ ಇದು ಹೀಗೇ ನಡೆಯುತ್ತದೆ. 22.04 ಆದರೆ ಅದರಲ್ಲಿರುವುದು ಹಳೆಯ ಪೋಲ್ಕಿಟ್, ಅದಕ್ಕೆ ಜಾವಾಸ್ಕ್ರಿಪ್ಟ್ ನಿಯಮ ಅರ್ಥವಾಗುವುದಿಲ್ಲ. ಅದರ ಹಳೆಯ ನಮೂನೆಯಲ್ಲಿ ಡಿಸ್ಕ್ ಇಂಥದ್ದೇ ಅಂತ ಹೇಳಲೂ ಬರುವುದಿಲ್ಲ. ಈ ಒಂದು ಕಾರಣಕ್ಕೇ ಮೊದಲು 24.04ಕ್ಕೆ ಬನ್ನಿ ಅನ್ನುತ್ತೇನೆ.

ಆ ನಿಯಮಕ್ಕೆ ಇನ್ನೆರಡು ಕೆಲಸ ಸೇರಿಸಿ: ‘ಫೈಲ್‌ಸಿಸ್ಟಮ್-ಅನ್‌ಮೌಂಟ್-ಅದರ್ಸ್’, ‘ಎನ್‌ಕ್ರಿಪ್ಟೆಡ್-ಲಾಕ್-ಅದರ್ಸ್’. ಬೀಗ ತೆಗೆದವರು ಯಾರು ಅಂತ ಯುಡಿಸ್ಕ್ಸ್ ಬರೆದಿಟ್ಟುಕೊಳ್ಳುತ್ತದೆ. ಬೇರೆಯವರು ಮುಚ್ಚಲು ಹೋದರೆ ಮತ್ತೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಜೂನಿಯರ್ ಬೆಳಿಗ್ಗೆ ತೆರೆದು, ಹನ್ನೊಂದಕ್ಕೆ ಕೋರ್ಟಿಗೆ ಹೋದರು ಅನ್ನಿ. ಮಧ್ಯಾಹ್ನ ಗುಮಾಸ್ತರು ಕಚೇರಿಗೆ ಬೀಗ ಹಾಕಿ ಊಟಕ್ಕೆ ಹೊರಟರೆ ಡಿಸ್ಕ್ ಮುಚ್ಚಲು ಅವರಿಗೆ ಆಗಬೇಕಲ್ಲ?

ನಾನು ಇಷ್ಟೆಲ್ಲ ಹೇಳುತ್ತಿರುವುದು ಮುಖ್ಯವಾಗಿ ಈ ಮುಚ್ಚುವ ಕೆಲಸಕ್ಕಾಗಿ. ತೆರೆದಿರುವ ಡಿಸ್ಕಿಗೆ ಎನ್‌ಕ್ರಿಪ್ಷನ್‌ನಿಂದ ಯಾವ ರಕ್ಷಣೆಯೂ ಇಲ್ಲ. ಮುಚ್ಚಿದ್ದಾಗ ಮಾತ್ರ ಅದು ಬೀಗ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಕಚೇರಿಯಲ್ಲಿ ಡಿಸ್ಕ್ ತೆರೆಯಬಲ್ಲವರು ಒಬ್ಬರೇ ಇದ್ದರು. ಅವರು ಸೋಮವಾರ ಬೆಳಿಗ್ಗೆ ಬಂದು ತೆರೆಯುತ್ತಿದ್ದರು. ಮತ್ತೆ ಅವರನ್ನು ಕರೆಯುವುದು ಬೇಡ ಅಂತ ಉಳಿದವರು ಶನಿವಾರದ ತನಕ ಕಂಪ್ಯೂಟರನ್ನೇ ಆಫ್ ಮಾಡುತ್ತಿರಲಿಲ್ಲ. ಅಲ್ಲಿ ಯಾರೂ ಸೋಮಾರಿಗಳಲ್ಲ, ಬೇಜವಾಬ್ದಾರಿಯವರೂ ಅಲ್ಲ. ತೆರೆಯುವುದು ಕಷ್ಟವಾದರೆ ಜನ ಮುಚ್ಚುವುದನ್ನು ಬಿಡುತ್ತಾರೆ. ಸಾಮಾನ್ಯ ಬಳಕೆದಾರರಿಗೆ ತೆರೆಯುವ ಅಧಿಕಾರ ಕೊಟ್ಟರೆ ಭದ್ರತೆ ಸಡಿಲವಾಗುತ್ತದೆ ಅಂತ ಸೀನಿಯರ್ ಹಿಂಜರಿಯಬಹುದು. ಅವರಿಗೆ ಈ ಮಾತು ತಿಳಿಸಿ.

ಇನ್ನು ಹಂಚಿಕೆಯ ವಿಷಯ. ಯುಡಿಸ್ಕ್ಸ್ ಸಾಮಾನ್ಯವಾಗಿ ಮೀಡಿಯಾ ಫೋಲ್ಡರಿನಲ್ಲಿ ತೆರೆದವರ ಹೆಸರಿನ ಒಳಗೆ ಮೌಂಟ್ ಮಾಡುತ್ತದೆ. ಅದು ಅವರೊಬ್ಬರಿಗೇ ಕಾಣುತ್ತದೆ. ಜೂನಿಯರ್ ತೆರೆದದ್ದು ಸೀನಿಯರ್ ಲಾಗಿನ್‌ನಲ್ಲಿ ಕಾಣುವುದಿಲ್ಲ. ನಿಮಗೆ ಎಲ್ಲರಿಗೂ ಕಾಣಬೇಕು. ಅದಕ್ಕೆ ಯೂಡೆವ್ (ಡಿಸ್ಕಿನಂಥ ಸಾಧನಗಳನ್ನು ಗುರುತಿಸುವ ಸೇವೆ) ನಿಯಮದಲ್ಲಿ, ಒಳಗಿನ ಫೈಲ್‌ಸಿಸ್ಟಮ್ಮಿಗೆ ‘ಯುಡಿಸ್ಕ್ಸ್_ಫೈಲ್‌ಸಿಸ್ಟಮ್_ಶೇರ್ಡ್’ ಎಂಬ ಗುರುತಿಗೆ 1 ಅಂತ ಬೆಲೆ ಕೊಡಿ. ಆಗ ಅದು ಹೆಸರಿಲ್ಲದ ಸಾಮಾನ್ಯ ಜಾಗದಲ್ಲಿ ಮೌಂಟ್ ಆಗುತ್ತದೆ. ಯಾರು ಏನು ನೋಡಬಹುದು ಅನ್ನುವುದನ್ನು ಆಮೇಲೆ ಮಾಮೂಲಿ ಫೈಲ್ ಅನುಮತಿಗಳೇ ತೀರ್ಮಾನಿಸುತ್ತವೆ. ಕಡತಗಳ ಮೂಲ ಫೋಲ್ಡರಿನ ಗುಂಪನ್ನು ‘ಕಡತ’ ಮಾಡಿ, ಅನುಮತಿ 2770 ಕೊಡಿ. ಮೊದಲಿನ ಆ 2 ಮುಖ್ಯ. ಅದು ಇದ್ದರೆ ಒಳಗೆ ಯಾರು ಹೊಸ ಫೈಲ್ ಮಾಡಿದರೂ ಅದು ಗುಂಪಿಗೆ ಸೇರುತ್ತದೆ. ಇಲ್ಲದಿದ್ದರೆ ಗುಮಾಸ್ತರು ಟೈಪ್ ಮಾಡಿದ ಅಫಿಡವಿಟ್ ಸೀನಿಯರ್‌ಗೆ ತಿದ್ದಲು ಬರುವುದಿಲ್ಲ.

ಈಗ ಪಾಸ್‌ಫ್ರೇಸ್. ನಾಲ್ವರೂ ಒಂದೇ ಪಾಸ್‌ಫ್ರೇಸ್ ಬಳಸುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಅದು ಬೇಕಾಗಿಲ್ಲ. ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್‌ಗೆ ಬಳಸುವ ಲಕ್ಸ್ ಎಂಬ ನಮೂನೆಯ ಚೆಲುವೇ ಇಲ್ಲಿದೆ. ಡಿಸ್ಕಿನಲ್ಲಿರುವ ದತ್ತಾಂಶಕ್ಕೆ ಬೀಗ ಹಾಕುವುದು ನಿಮ್ಮ ಪಾಸ್‌ಫ್ರೇಸ್ ಅಲ್ಲ, ಕಂಪ್ಯೂಟರೇ ಹುಟ್ಟುಹಾಕಿದ ಒಂದು ಮೂಲ ಕೀಲಿ. ಆ ಮೂಲ ಕೀಲಿಯನ್ನು ಪಾಸ್‌ಫ್ರೇಸಿನಿಂದ ಬೀಗ ಹಾಕಿ ಡಿಸ್ಕಿನ ತಲೆಭಾಗದಲ್ಲಿ, ಅಂದರೆ ಹೆಡರ್‌ನಲ್ಲಿ, ಒಂದು ಖಾನೆಯಲ್ಲಿ ಇಟ್ಟಿರುತ್ತದೆ. ಅಂಥ ಖಾನೆಗಳು ಹಳೆಯ ಲಕ್ಸ್1ರಲ್ಲಿ 8, ಲಕ್ಸ್2ರಲ್ಲಿ 32ರವರೆಗೆ. ನಾಲ್ವರಿಗೂ ಒಂದೊಂದು ಖಾನೆ, ಒಂದೊಂದು ಪಾಸ್‌ಫ್ರೇಸ್ ಕೊಡಿ. ಐದನೆಯದನ್ನು ಕಾಗದದಲ್ಲಿ ಬರೆದು ಕಚೇರಿಯ ಹೊರಗೆ ಭದ್ರವಾಗಿಡಿ. ಜೂನಿಯರ್ ಒಬ್ಬರು ಸ್ವಂತ ಕಚೇರಿ ಮಾಡಿಕೊಂಡು ಹೊರಟರೆ ಅವರ ಖಾನೆ ಮಾತ್ರ ಅಳಿಸಿ. ಉಳಿದವರ ಪಾಸ್‌ಫ್ರೇಸ್ ಬದಲಿಸಬೇಕಾಗಿಲ್ಲ. ಕ್ರಿಪ್ಟ್‌ಸೆಟಪ್ ಎಂಬ ಆದೇಶದಲ್ಲಿ ಲಕ್ಸ್‌ಆಡ್‌ಕೀ ಅಂದರೆ ಸೇರಿಸುವುದು, ಲಕ್ಸ್‌ಕಿಲ್‌ಸ್ಲಾಟ್ ಅಂದರೆ ಅಳಿಸುವುದು. ಇವೆರಡೂ ಸೀನಿಯರ್ ಕೈಯಲ್ಲೇ, ಅಡ್ಮಿನ್ ಹಕ್ಕಿನಲ್ಲೇ ಇರಲಿ.

ಹೆಡರ್ ಬಗ್ಗೆ ದಯವಿಟ್ಟು ಗಮನ ಕೊಡಿ. ಅದು ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ ಜಾಗ. ಅಲ್ಲಿರುವ ಖಾನೆಗಳು ಹಾಳಾದರೆ ಪಾಸ್‌ಫ್ರೇಸ್ ಸರಿಯಾಗಿ ನೆನಪಿದ್ದರೂ ಡಿಸ್ಕಿನಲ್ಲಿರುವುದು ಮತ್ತೆ ಸಿಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಲಕ್ಸ್‌ಹೆಡರ್‌ಬ್ಯಾಕಪ್ ಎಂಬ ಆದೇಶದಿಂದ ಅದರ ಪ್ರತಿ ತೆಗೆದು ಬೇರೆ ಕಡೆ ಇಡಿ. ಆದರೆ ಒಂದು ಸೂಕ್ಷ್ಮ. ಹಳೆಯ ಪ್ರತಿಯಲ್ಲಿ ಹಳೆಯ ಖಾನೆಗಳೂ ಇರುತ್ತವೆ. ಬಿಟ್ಟುಹೋದ ಜೂನಿಯರ್ ಪಾಸ್‌ಫ್ರೇಸ್ ಆ ಪ್ರತಿಯ ಮೂಲಕ ಇನ್ನೂ ಕೆಲಸ ಮಾಡುತ್ತದೆ. ಹಾಗಾಗಿ ಖಾನೆ ಅಳಿಸಿದಾಗೆಲ್ಲ ಹೊಸ ಪ್ರತಿ ತೆಗೆದು ಹಳೆಯದನ್ನು ನಾಶಮಾಡಿ. ಅಡ್ಮಿನ್ ಹಕ್ಕೂ ಪಾಸ್‌ಫ್ರೇಸೂ ಎರಡೂ ಇದ್ದವರು ಮೂಲ ಕೀಲಿಯನ್ನೇ ನಕಲು ಮಾಡಿಕೊಂಡಿರಬಹುದು. ನಿಮ್ಮಲ್ಲಿ ಇಷ್ಟು ದಿನ ಎಲ್ಲರಿಗೂ ಎರಡೂ ಇದ್ದವು. ಈ ಅವಧಿಯಲ್ಲಿ ಯಾರಾದರೂ ಕಚೇರಿ ಬಿಟ್ಟಿದ್ದರೆ ಕ್ರಿಪ್ಟ್‌ಸೆಟಪ್‌ನ ರೀಎನ್‌ಕ್ರಿಪ್ಟ್ ಬಳಸಿ ಮೂಲ ಕೀಲಿಯನ್ನೇ ಬದಲಿಸಿ. ಅದಕ್ಕೂ ಮೊದಲು ಪೂರ್ತಿ ಬ್ಯಾಕಪ್ ತೆಗೆಯಿರಿ. ಇದು ಯಾರ ಮೇಲೂ ಅನುಮಾನ ಪಟ್ಟು ಹೇಳುವ ಮಾತಲ್ಲ. ಕಕ್ಷಿದಾರರು ಹೇಳಿದ್ದನ್ನು ಹೊರಗೆ ಬಿಡದಿರುವ ಹೊಣೆ ವಕೀಲರಷ್ಟೇ ಗುಮಾಸ್ತರ ಮೇಲೂ ಇದೆ ಅಂತ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಹೇಳುತ್ತದೆ. ನನಗಿಂತ ಅದು ನಿಮಗೇ ಚೆನ್ನಾಗಿ ಗೊತ್ತು.

ಹುಡುಕಿದರೆ ಇನ್ನೂ ಸುಲಭ ಅನ್ನಿಸುವ ಎರಡು ಸಲಹೆಗಳು ನಿಮಗೆ ಸಿಗುತ್ತವೆ. ಎರಡನ್ನೂ ಮಾಡಬೇಡಿ.

ಮೊದಲನೆಯದು, ಬಳಕೆದಾರರನ್ನು ‘ಡಿಸ್ಕ್’ ಎಂಬ ಗುಂಪಿಗೆ ಸೇರಿಸುವುದು. ಹೆಸರು ಕೇಳಿದರೆ ಇದೇ ಸರಿ ಅನ್ನಿಸುತ್ತದೆ. ಆದರೆ ಆ ಗುಂಪಿನವರು ಕಂಪ್ಯೂಟರಿನ ಎಲ್ಲ ಡಿಸ್ಕುಗಳನ್ನೂ ಫೈಲ್ ಅನುಮತಿಗಳ ಗೊಡವೆಯೇ ಇಲ್ಲದೆ, ಕಚ್ಚಾ ರೂಪದಲ್ಲಿ ಓದಬಹುದು, ಬರೆಯಬಹುದು. ರೂಟ್ ಕೊಟ್ಟ ಹಾಗೇ ಅದು.

ಎರಡನೆಯದು ಸುಡೋ, ಅಂದರೆ ಒಂದು ಆದೇಶವನ್ನು ಅಡ್ಮಿನ್ ಹಕ್ಕಿನಲ್ಲಿ ಓಡಿಸುವ ಸೌಲಭ್ಯ. ಕ್ರಿಪ್ಟ್‌ಸೆಟಪ್ ಮತ್ತು ಮೌಂಟ್ ಆದೇಶಗಳನ್ನು ಪಾಸ್‌ವರ್ಡ್ ಇಲ್ಲದೆ ಓಡಿಸಲು ಎಲ್ಲರಿಗೂ ಬಿಡುವುದು. ಮೌಂಟ್ ಆದೇಶವನ್ನು ಹಾಗೇ ಬಿಟ್ಟರೆ ಮೇಲೆ ಹೇಳಿದ ಸೆಟ್‌ಯುಐಡಿ ಪೆನ್ ಡ್ರೈವ್ ಕಥೆ ನಿಮ್ಮ ಕಚೇರಿಯಲ್ಲೇ ನಡೆಯಬಹುದು. ಸುಡೋ ಬಳಸಲೇಬೇಕು ಅಂದರೆ ಒಂದು ಸ್ಕ್ರಿಪ್ಟ್ ಬರೆದು, ಅದರಲ್ಲಿ ಡಿಸ್ಕು, ಜಾಗ, ಆಯ್ಕೆ ಎಲ್ಲ ಗಟ್ಟಿಯಾಗಿ ಬರೆದಿಟ್ಟು, ಆ ಸ್ಕ್ರಿಪ್ಟನ್ನೂ ಅದಿರುವ ಫೋಲ್ಡರನ್ನೂ ರೂಟ್ ಬಿಟ್ಟು ಬೇರೆಯವರು ತಿದ್ದಲಾಗದ ಹಾಗೆ ಮಾಡಿ, ಅದೊಂದಕ್ಕೆ ಮಾತ್ರ ಅನುಮತಿ ಕೊಡಬೇಕು. ಡೆಸ್ಕ್‌ಟಾಪ್ ಇಲ್ಲದ ಸರ್ವರಿನಲ್ಲಿ ನಾನೂ ಹಾಗೆ ಮಾಡುತ್ತೇನೆ. ನಿಮಗೆ ಬೇಕಾಗಿಲ್ಲ.

ಯುಡಿಸ್ಕ್ಸ್ ದಾರಿಯೂ ಪೂರ್ತಿ ನಿರಪಾಯ ಅಂತ ಹೇಳಲಾರೆ. 2025ರ ಜೂನ್‌ನಲ್ಲಿ ಅದು ಬಳಸುವ ಲಿಬ್‌ಬ್ಲಾಕ್‌ಡೆವ್ ಎಂಬ ಭಾಗದಲ್ಲಿ ಒಂದು ದೋಷ ಹೊರಬಂತು. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ಮಿನ ಗಾತ್ರ ಬದಲಿಸುವಾಗ ಅದು ತಾತ್ಕಾಲಿಕವಾಗಿ ಮೌಂಟ್ ಮಾಡುತ್ತಿತ್ತು, ಆದರೆ ನೋಸೂಯಿಡ್ ಹಾಕುತ್ತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತ ಸಾಮಾನ್ಯ ಬಳಕೆದಾರರು ಆ ಕ್ಷಣ ಹಿಡಿದು ರೂಟ್ ಆಗಬಹುದಿತ್ತು. ಮತ್ತದೇ ಸೆಟ್‌ಯುಐಡಿ ಕಥೆ. ದೋಷ ಸರಿಯಾಗಿದೆ, ಅಪ್‌ಡೇಟ್ ಹಾಕಿಕೊಂಡವರಿಗೆ ಮಾತ್ರ. ಸೆಕ್ಯುರಿಟಿ ಅಪ್‌ಡೇಟ್‌ಗಳು ತಾನಾಗೇ ಬರುವ ಹಾಗೆ ಇಡಿ.

ಪ್ರತಿಯೊಬ್ಬರಿಗೂ ತಮ್ಮದೇ ಒಂದಿಷ್ಟು ಖಾಸಗಿ ಕಾಗದ ಇದ್ದೇ ಇರುತ್ತದೆ. ಅದಕ್ಕೆ ಹಂಚಿಕೆಯ ಡಿಸ್ಕ್ ಬೇಡ, ರೂಟ್ ಕೂಡ ಬೇಡ. ಗೋಕ್ರಿಪ್ಟ್‌ಎಫ್‌ಎಸ್ ಎಂಬ ಪ್ರೋಗ್ರಾಂ ಹಾಕಿಕೊಳ್ಳಿ. ಅದು ಫ್ಯೂಸ್ ಎಂಬ ವ್ಯವಸ್ಥೆಯ ಮೇಲೆ ನಡೆಯುತ್ತದೆ. 2005ರಲ್ಲಿ ಲಿನಕ್ಸ್ ಕರ್ನಲ್ಲಿಗೆ, ಅಂದರೆ ಅದರ ತಿರುಳಿಗೆ, ಸೇರಿದ ಫ್ಯೂಸ್ ಸಾಮಾನ್ಯ ಬಳಕೆದಾರರಿಗೂ ಮೌಂಟ್ ಮಾಡಲು ಬಿಡುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಒಂದು ಬೀಗ ಹಾಕಿದ ಫೋಲ್ಡರ್, ಒಂದು ಖಾಲಿ ಫೋಲ್ಡರ್. ಪಾಸ್‌ವರ್ಡ್ ಕೊಟ್ಟಾಗ ಮೊದಲನೆಯದರಲ್ಲಿರುವುದು ಎರಡನೆಯದರಲ್ಲಿ ಓದುವ ರೂಪದಲ್ಲಿ ಕಾಣುತ್ತದೆ. ನಿಮ್ಮನ್ನು ಬಿಟ್ಟು ಬೇರೆ ಬಳಕೆದಾರರಿಗೆ ಕಾಣುವುದಿಲ್ಲ. ‘ಐಡಲ್’ ಎಂಬ ಆಯ್ಕೆಗೆ 10 ನಿಮಿಷ ಅಂತ ಕೊಟ್ಟರೆ, ಹತ್ತು ನಿಮಿಷ ಯಾರೂ ಮುಟ್ಟದಿದ್ದರೆ ತಾನೇ ಮುಚ್ಚಿಕೊಳ್ಳುತ್ತದೆ. ನನಗೆ ತುಂಬಾ ಇಷ್ಟವಾದ ಸೌಲಭ್ಯ ಇದು. ಮೊದಲ ಸಲ ಸಿದ್ಧ ಮಾಡುವಾಗ ಪರದೆಯ ಮೇಲೆ ಮಾಸ್ಟರ್ ಕೀ ಅಂತ ಉದ್ದದ ಅಕ್ಷರಮಾಲೆ ತೋರಿಸುತ್ತದೆ. ಅದನ್ನು ಕಾಗದಕ್ಕೆ ಬರೆದುಕೊಳ್ಳಿ. ಪಾಸ್‌ವರ್ಡ್ ಮರೆತರೆ ಅದೊಂದೇ ಗತಿ. ಆದರೆ ಎಷ್ಟು ಫೈಲುಗಳಿವೆ, ಎಷ್ಟು ದೊಡ್ಡವು ಅನ್ನುವುದು ಹೊರಗಿನವರಿಗೆ ತಿಳಿಯುತ್ತದೆ. ಇದೇ ಕೆಲಸಕ್ಕೆ ಎನ್‌ಕ್‌ಎಫ್‌ಎಸ್ ಅಂತ ಹಳೆಯ ಪ್ರೋಗ್ರಾಂ ಇದೆ. 2014ರ ಪರಿಶೀಲನೆಯಲ್ಲಿ ಅದರ ದೌರ್ಬಲ್ಯಗಳು ಹೊರಬಂದಿವೆ. ಹೊಸದಾಗಿ ಶುರು ಮಾಡುವವರು ಅದನ್ನು ಬಳಸಬೇಡಿ.

ದಿನದ ಬಳಕೆಯಲ್ಲಿ ನಿಮಗೆ ಖಂಡಿತ ಎದುರಾಗುವುದು ‘ಟಾರ್ಗೆಟ್ ಈಸ್ ಬಿಝಿ’ ಎಂಬ ಸಂದೇಶ. ಮುಚ್ಚಲು ಹೋದರೆ ಮುಚ್ಚುವುದಿಲ್ಲ. ಲಿಬ್ರೆ ಆಫೀಸಿನಲ್ಲಿ ಒಂದು ಫೈಲ್ ತೆರೆದೇ ಇರುತ್ತದೆ, ಇಲ್ಲವೇ ಯಾವುದೋ ಟರ್ಮಿನಲ್ ಆ ಫೋಲ್ಡರಿನಲ್ಲೇ ಕೂತಿರುತ್ತದೆ. ಅದನ್ನು ಮುಚ್ಚಿದರೆ ಸರಿಹೋಗುತ್ತದೆ. ಕೆಲವರು ‘ಲೇಜಿ’ ಅನ್‌ಮೌಂಟ್ ಮಾಡಿ ಅನ್ನುತ್ತಾರೆ. ಮಾಡಬೇಡಿ. ಫೋಲ್ಡರ್ ಕಣ್ಣಿಗೆ ಕಾಣದಂತಾಗುತ್ತದೆ, ಆದರೆ ಬೀಗ ಬಿದ್ದಿರುವುದಿಲ್ಲ, ಕೀಲಿ ಮೆಮೊರಿಯಲ್ಲೇ ಇರುತ್ತದೆ. ಪರದೆಗೆ ಲಾಕ್ ಹಾಕಿದರೂ, ಕಂಪ್ಯೂಟರನ್ನು ನಿದ್ದೆಗೆ ಕಳಿಸಿದರೂ ಹಾಗೇ, ಕೀಲಿ ಒಳಗೇ ಉಳಿಯುತ್ತದೆ. ಸಂಜೆ ಕಚೇರಿ ಮುಚ್ಚುವಾಗ ಪೂರ್ತಿ ಆಫ್ ಮಾಡಿ.

ಡಿಸ್ಕ್ ಮುಚ್ಚಿದ ಮೇಲೂ ಹೊರಗೆ ಚೂರುಪಾರು ಉಳಿಯುತ್ತದೆ. ಕಡತದಲ್ಲಿದ್ದ ಫೋಟೋಗಳ, ಸ್ಕ್ಯಾನ್‌ಗಳ ಪುಟ್ಟ ಚಿತ್ರಗಳು ಹೋಮ್ ಫೋಲ್ಡರಿನ ಕ್ಯಾಶ್‌ನಲ್ಲಿ, ಇತ್ತೀಚಿನ ಫೈಲುಗಳ ಪಟ್ಟಿಯಲ್ಲಿ ಕಕ್ಷಿದಾರರ ಹೆಸರುಗಳು, ಸ್ವಾಪ್‌ನಲ್ಲಿ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಮೆಮೊರಿಯ ತುಣುಕುಗಳು. ಮುಂದೆ ಉಬುಂಟು ಮತ್ತೆ ಹಾಕಿಸುವಾಗ ಮೊದಲನೇ ಡಿಸ್ಕನ್ನೂ ಪೂರ್ತಿ ಎನ್‌ಕ್ರಿಪ್ಟ್ ಮಾಡಿಸಿ. ಅಲ್ಲಿಯವರೆಗೆ ಪುಟ್ಟ ಚಿತ್ರಗಳನ್ನೂ ಇತ್ತೀಚಿನ ಫೈಲುಗಳ ಪಟ್ಟಿಯನ್ನೂ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿಡಿ.

ಜೂನಿಯರ್ ಯಾರಾದರೂ ಮನೆಯಿಂದ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಮೂಲಕ ಬಂದು ಡಿಸ್ಕ್ ತೆರೆಯಬೇಕು ಅಂದರೆ, ಪೋಲ್ಕಿಟ್ ಅವರನ್ನು ಕಂಪ್ಯೂಟರಿನ ಮುಂದೆ ಕೂತವರು ಅಂತ ಒಪ್ಪುವುದಿಲ್ಲ. ಆದರೆ ಒಳಗಿನ ಡಿಸ್ಕಿಗೆ ಅವರ ಮನವಿಯೂ ಅದೇ ‘ಸಿಸ್ಟಮ್’ ಹೆಸರಿನ ಕೆಲಸವಾಗಿಯೇ ಹೋಗುತ್ತದೆ, ನಿಯಮದಲ್ಲಿ ತಡೆಯದಿದ್ದರೆ ಅವರಿಗೂ ತೆರೆದುಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ ಬಿಡು ಅನ್ನುವ ಷರತ್ತನ್ನೂ ನಿಯಮದಲ್ಲಿ ಬರೆಯಿರಿ ಅಂತಲೇ ನನ್ನ ಸಲಹೆ. ಕಚೇರಿಗೆ ಬಂದವರಿಗೆ ಮಾತ್ರ ತೆರೆಯಲಿ.

ಎಲ್ಲ ಆದ ಮೇಲೆ ಹೀಗೆ ಪರೀಕ್ಷೆ ಮಾಡಿ. ಗುಮಾಸ್ತರ ಲಾಗಿನ್‌ನಲ್ಲಿ ಹೋಗಿ, ಅವರ ಪಾಸ್‌ಫ್ರೇಸ್ ಕೊಟ್ಟು ತೆರೆದು, ಒಂದು ಫೈಲ್ ಬರೆಯಿರಿ. ಸೀನಿಯರ್ ಲಾಗಿನ್‌ನಲ್ಲಿ ಅದೇ ಫೈಲ್ ತಿದ್ದಿ, ಅಲ್ಲಿಂದಲೇ ಡಿಸ್ಕ್ ಮುಚ್ಚಿ. ಆಮೇಲೆ ಗುಂಪಿಗೆ ಸೇರದ ಒಂದು ಹೊಸ ಲಾಗಿನ್ ಮಾಡಿ, ಅದರಿಂದ ಡಿಸ್ಕ್ ತೆರೆಯಲು ಹೋಗಿ. ಆಗ ಅಡ್ಮಿನ್ ಪಾಸ್‌ವರ್ಡ್ ಕೇಳಬೇಕು. ಕೇಳದೆ ತೆರೆದುಕೊಂಡರೆ ನಿಯಮದಲ್ಲಿ ಗುಂಪಿನ ಷರತ್ತು ತಪ್ಪಿದೆ ಅಂತ ಅರ್ಥ. ಅದು ಸರಿಯಾಗುವವರೆಗೆ ಹಳೆಯ ಹಾಗೇ ಸೀನಿಯರ್ ಅವರೇ ತೆರೆದುಕೊಡಲಿ.